ಮಾರ್ಕೋಸರ ಸುವರ್ಣಯುಗ

ಹಿಂದಿನ ಕಾಲವೇ ಚೆನ್ನಾಗಿತ್ತು ಎಂಬುದು ಮುಪ್ಪಿನ ಮಾತೆಂದು ನಾವೆಲ್ಲ ತಿಳಿದಿದ್ದೇವೆ. ಜಗುಲಿಯ ಮೇಲೆ ಕುಳಿತ ಅಜ್ಜ ತನ್ನ ಕಾಲದ ಅಕ್ಕಿಯ ಧಾರಣೆಯನ್ನು ನೆನೆದು ನಿಟ್ಟುಸಿರು ಬಿಟ್ಟರೆ ಯಾರಿಗೂ ಆಶ್ಚರ್ಯವಿಲ್ಲ. ಆದರೆ ತಾನು ಹುಟ್ಟುವ ಮೊದಲೇ ಮುಗಿದುಹೋದ ಆಳ್ವಿಕೆಗಾಗಿ ಇಪ್ಪತ್ತರ ತರುಣ ನಿಟ್ಟುಸಿರು ಬಿಡುವುದುಂಟೆ? ಉಂಟು. ಫಿಲಿಪೈನ್ಸ್ ದೇಶದ ಈಚಿನ ಚರಿತ್ರೆಯನ್ನು ಓದುವಾಗ ನನ್ನನ್ನು ಬಹಳವಾಗಿ ಕಾಡಿದ ಸಂಗತಿ ಇದು.

ಫರ್ಡಿನೆಂಡ್ ಮಾರ್ಕೋಸ್ ಅಧ್ಯಕ್ಷ ಪದವಿಗೆ ಬಂದದ್ದು 1965ರ ಚುನಾವಣೆಯಲ್ಲಿ ಗೆದ್ದೇ. 1969ರಲ್ಲಿ ಮತ್ತೊಮ್ಮೆ ಗೆದ್ದರು. ಮೂರನೆಯ ಅವಧಿಗೆ ಸಂವಿಧಾನ ಎಡೆಗೊಟ್ಟಿರಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ಅವರು ಮಾರ್ಷಲ್ ಲಾ ಘೋಷಿಸಿದರು. ಪತ್ರಿಕಾ ಕಚೇರಿಗಳಿಗೆ ಬೀಗ ಬಿತ್ತು, ಶಾಸನಸಭೆ ಮುಚ್ಚಿತು, ವಿರೋಧಪಕ್ಷದ ಮುಂದಾಳು ಬೆನಿಗ್ನೊ ಆಕಿನೊ ಸೆರೆಮನೆ ಸೇರಿದರು. ಮಧ್ಯರಾತ್ರಿಯಿಂದ ಬೆಳಗಿನ ನಾಲ್ಕರವರೆಗೆ ಯಾರೂ ಬೀದಿಗೆ ಇಳಿಯುವಂತಿಲ್ಲ. ಇದಕ್ಕೆಲ್ಲ ಇಟ್ಟ ಹೆಸರು 'ಹೊಸ ಸಮಾಜ'. ನಾಡಿನ ಏಳಿಗೆಗೆ ಬೇಕಾದದ್ದು ಶಿಸ್ತು ಎಂಬುದೇ ಅದರ ಘೋಷಣೆ.

ಶಿಸ್ತು ಎಂಬ ಈ ಮಾತನ್ನು ನಾವೂ ಕೇಳಿದ್ದೇವಲ್ಲ! 1975ರಿಂದ 1977ರವರೆಗಿನ ನಮ್ಮ ತುರ್ತುಪರಿಸ್ಥಿತಿಯ ಪ್ರಸ್ತಾಪ ಬಂದಾಗಲೆಲ್ಲ, ಆಗ ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿಯವರ ನೆನಪು ಅಂಥವರಿಗೆ ಬರುವುದು ಅಪರೂಪ. ರೈಲು ಎಲ್ಲರ ಕಣ್ಣಿಗೂ ಬೀಳುತ್ತದೆ, ಸೆರೆಮನೆಯ ಒಳಭಾಗ ಬೀಳುವುದಿಲ್ಲ.

ಫಿಲಿಪೈನ್ಸಿನಲ್ಲಿ ಕಣ್ಣಿಗೆ ಬೀಳುವ ವಸ್ತುಗಳಿಗೆ ಕೊರತೆಯೇ ಇಲ್ಲ. 1973ರಲ್ಲಿ ಮುಗಿದ ಸಾನ್ ಹುವಾನಿಕೊ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಎರಡು ದ್ವೀಪಗಳನ್ನು ಜೋಡಿಸುತ್ತದೆ. ಅದರ ಚಿತ್ರ ನಿಜವಾಗಿಯೂ ಸೊಗಸು. ಮಾರ್ಕೋಸರನ್ನು ಹೊಗಳುವ ವೀಡಿಯೊಗಳಲ್ಲಿ ಅದು ತಪ್ಪದೆ ಬರುತ್ತದೆ. ಆದರೆ ಅದೇ ಕಾಲದ ಕೈದಿಗಳ ಬಾಯಲ್ಲಿ ಆ ಹೆಸರಿಗೆ ಇನ್ನೊಂದು ಅರ್ಥವಿತ್ತು. ಕೈದಿಯ ತಲೆಯನ್ನು ಒಂದು ಮಂಚದ ಮೇಲೆ, ಪಾದಗಳನ್ನು ಇನ್ನೊಂದರ ಮೇಲೆ ಇರಿಸಿ, ನಡುವೆ ದೇಹ ಜೋತುಬಿದ್ದೊಡನೆ ಹೊಡೆಯುವುದು: ಆ ಹಿಂಸೆಗೂ 'ಸಾನ್ ಹುವಾನಿಕೊ ಸೇತುವೆ' ಎಂದೇ ಹೆಸರು. ಆ ವರ್ಷಗಳಲ್ಲಿ ಸುಮಾರು 70,000 ಜನ ಸೆರೆಯಾದರು, 34,000 ಜನ ಚಿತ್ರಹಿಂಸೆಗೆ ಒಳಗಾದರು, 3,200ಕ್ಕೂ ಹೆಚ್ಚು ಜನ ಹತರಾದರು ಎಂಬುದು ಆಮ್ನೆಸ್ಟಿಯ ಹೆಸರಿನಲ್ಲಿ ಉದ್ಧರಿಸುವ ಲೆಕ್ಕ.

ಹೋಗಲಿ, ಹೊಟ್ಟೆಬಟ್ಟೆಗಾದರೂ ಸುಖವಿತ್ತೇ ಎಂದರೆ, ಆ ಲೆಕ್ಕವನ್ನೂ ನೋಡಬಹುದು. 1965ರಲ್ಲಿ 60 ಕೋಟಿ ಡಾಲರಿನಷ್ಟಿದ್ದ ವಿದೇಶೀ ಸಾಲ 1986ರ ಹೊತ್ತಿಗೆ ಸುಮಾರು 2,600 ಕೋಟಿ. ಡಾಲರಿಗೆ 4 ಪೆಸೊ ಇದ್ದದ್ದು 20ಕ್ಕೆ ಹೋಯಿತು. 1984 ಮತ್ತು 1985ರಲ್ಲಿ ದೇಶದ ಉತ್ಪನ್ನ ವರ್ಷಕ್ಕೆ ಶೇಕಡಾ 7ರಷ್ಟು ಕುಸಿಯಿತು. ಬತಾನಿನಲ್ಲಿ 230 ಕೋಟಿ ಡಾಲರ್ ಸುರಿದು ಕಟ್ಟಿದ ಅಣುವಿದ್ಯುತ್ ಸ್ಥಾವರ ಒಂದು ದೀಪವನ್ನೂ ಬೆಳಗಲಿಲ್ಲ. ಅದರ ಸಾಲ ತೀರಿದ್ದು 2007ರಲ್ಲಿ.

ಇಷ್ಟೆಲ್ಲ ಇದ್ದರೂ ಜಾಲತಾಣಗಳಲ್ಲಿ ಹಬ್ಬಿದ್ದು ಚಿನ್ನದ ಕಥೆ. ತಲ್ಲಾನೊ ಎಂಬ ರಾಜವಂಶವೊಂದು ತರುಣ ವಕೀಲ ಮಾರ್ಕೋಸರಿಗೆ 1,92,000 ಟನ್ ಚಿನ್ನವನ್ನು ಸಂಭಾವನೆಯಾಗಿ ಕೊಟ್ಟಿತಂತೆ. ಆದ್ದರಿಂದ ಅವರ ಸಂಪತ್ತು ಕದ್ದದ್ದಲ್ಲವಂತೆ. ಮಗ ಗೆದ್ದರೆ ಆ ಚಿನ್ನ ಜನರಿಗೆ ಹಂಚಿಕೆಯಾಗುತ್ತದಂತೆ. ಮನುಷ್ಯ ಭೂಮಿಯಿಂದ ಈವರೆಗೆ ತೆಗೆದ ಚಿನ್ನವೆಲ್ಲ ಸೇರಿದರೆ ಎರಡು ಲಕ್ಷ ಟನ್ನಿಗೆ ಸ್ವಲ್ಪ ಮೇಲಾದೀತು. ಒಬ್ಬ ವಕೀಲರ ಫೀಜು ಅಷ್ಟು! ನಗು ಬರುತ್ತದೆ, ನಿಜ. ಆದರೆ ಈ ಕಥೆ ಎಲ್ಲಿ ನಾಟಿತೆಂದು ಯೋಚಿಸಿದರೆ ನಗು ನಿಲ್ಲುತ್ತದೆ. 2013ರಿಂದ ಅಲ್ಲಿನ ಮೊಬೈಲ್ ಕಂಪನಿಗಳು ಫೇಸ್‌ಬುಕ್ಕನ್ನು ಪುಕ್ಕಟೆಯಾಗಿ ಒದಗಿಸತೊಡಗಿದವು. ಉಳಿದ ತಾಣಗಳಿಗೆ ದುಡ್ಡು ತೆರಬೇಕು. ಬಡವನಿಗೆ ಪತ್ರಿಕೆಯ ತಲೆಬರಹ ಕಾಣುತ್ತಿತ್ತು, ಒಳಗಿನ ಬರಹ ತೆರೆಯುತ್ತಿರಲಿಲ್ಲ. ಹಾಗಾಗಿ ಸುಳ್ಳು ಅವನಿಗೆ ಉಚಿತವಾಗಿ ಬಂತು. ಅದನ್ನು ಪರೀಕ್ಷಿಸಲು ಖರ್ಚು ಮಾಡಬೇಕಾಗಿತ್ತು. ಆಮೇಲೆ ಯೂಟ್ಯೂಬು, ಟಿಕ್‌ಟಾಕುಗಳು ಸಂಗೀತವನ್ನೂ ಹಳೆಯ ಮೆರವಣಿಗೆಗಳ ಚಿತ್ರವನ್ನೂ ಕೂಡಿಸಿ ಕಥೆಯನ್ನು ಇನ್ನಷ್ಟು ರುಚಿಗೊಳಿಸಿದವು.

ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸಲು ಮಾತ್ರ ನನಗೆ ಮನಸ್ಸಿಲ್ಲ. ಫೇಸ್‌ಬುಕ್ ಹುಟ್ಟುವ ಮೊದಲೇ, 1991ರಲ್ಲಿ, ಆ ಕುಟುಂಬ ಸ್ವದೇಶಕ್ಕೆ ಮರಳಿತ್ತು. 1995ರಲ್ಲಿ ಇಮೆಲ್ಡಾ ಶಾಸನಸಭೆಗೆ ಆಯ್ಕೆಯಾದರು. 2018ರಲ್ಲಿ ಭ್ರಷ್ಟಾಚಾರದ ಏಳು ಆರೋಪಗಳು ರುಜುವಾತಾದರೂ ಜಾಮೀನಿನ ಮೇಲೆ ಹೊರಗುಳಿದರು. 1986ರ ಫೆಬ್ರುವರಿಯಲ್ಲಿ ಎಡ್ಸಾ ಹೆದ್ದಾರಿಯಲ್ಲಿ ಟ್ಯಾಂಕುಗಳಿಗೆ ಎದುರಾಗಿ ನಿಂತ ಜನಕ್ಕೆ ಆಮೇಲೆ ದೊರೆತದ್ದಾದರೂ ಏನು? ಮತದಾನದ ಹಕ್ಕು ಮರಳಿತು, ಪತ್ರಿಕೆಗಳು ತೆರೆದವು. ಜಮೀನು ಮಾತ್ರ ಬಹುಮಟ್ಟಿಗೆ ಹಳೆಯ ಮನೆತನಗಳ ಕೈಯಲ್ಲೇ ಉಳಿಯಿತು. ಲಕ್ಷಾಂತರ ಮಂದಿ ಹೊಟ್ಟೆಪಾಡಿಗೆ ಕಡಲು ದಾಟಿದರು. ಎಡ್ಸಾ ಎಂದರೆ ಇಂದಿನ ಮನಿಲಾದ ಯುವಕನಿಗೆ ನೆನಪಾಗುವುದು ಕ್ರಾಂತಿಗಿಂತ ಹೆಚ್ಚಾಗಿ ವಾಹನಗಳ ಸಂದಣಿ. ಅಪ್ಪ ಕೊಟ್ಟ ಭರವಸೆ ಕೈಗೂಡದಿದ್ದಾಗ ಮಗ, ಅಪ್ಪ ಓಡಿಸಿದವನಲ್ಲಿಯೇ ಏನೋ ಗುಣವಿದ್ದೀತೆಂದು ಹುಡುಕುವುದು ಮನುಷ್ಯಸಹಜ.

ಜೂನಿಯರ್ ಮಾರ್ಕೋಸ್ 2016ರಲ್ಲಿ ಉಪಾಧ್ಯಕ್ಷ ಪದವಿಯನ್ನು ಮೂರು ಲಕ್ಷಕ್ಕೂ ಕಡಿಮೆ ಮತಗಳಿಂದ ಕಳೆದುಕೊಂಡಿದ್ದರು. 2022ರ ಮೇ ತಿಂಗಳಲ್ಲಿ 3 ಕೋಟಿ 10 ಲಕ್ಷಕ್ಕೂ ಮಿಕ್ಕ ಮತ ಪಡೆದು ಅಧ್ಯಕ್ಷರಾದರು. ಎಡ್ಸಾದ ದಿನ ಹುಟ್ಟಿದ ಶಿಶುವಿಗೆ ಆಗ 36 ವರ್ಷ. ವಿಚಿತ್ರವೆಂದರೆ, ಅದೇ ದೇಶ 2013ರಲ್ಲಿ ಕಾನೂನು ಮಾಡಿ, ಸ್ವಿಸ್ ಬ್ಯಾಂಕುಗಳಿಂದ ಮರಳಿಬಂದ ಮಾರ್ಕೋಸರ ಹಣದಲ್ಲಿ ಸಾವಿರ ಕೋಟಿ ಪೆಸೊವನ್ನು ಅವರ ಆಳ್ವಿಕೆಯಲ್ಲಿ ನೊಂದವರ ಪರಿಹಾರಕ್ಕೆಂದು ತೆಗೆದಿರಿಸಿತ್ತು. ವಿಚಾರಣೆ ನಡೆಸಿ ಒಪ್ಪಿಕೊಂಡ ಹೆಸರುಗಳು 11,103.

ಚುನಾವಣೆಯಾದ ಮೂರು ತಿಂಗಳಿಗೆ, ಮಾರ್ಕೋಸ್ ಕುಟುಂಬ ಅರಮನೆಯಲ್ಲಿ ಕಳೆದ ಕೊನೆಯ ಮೂರು ದಿನಗಳನ್ನು ಕುರಿತ ಚಲನಚಿತ್ರವೊಂದು ತೆರೆಕಂಡಿತು. ಅದರಲ್ಲಿ ಕೊರಾಸೊನ್ ಆಕಿನೊ ಅವರನ್ನು ಹೋಲುವ ಹೆಂಗಸೊಬ್ಬಳು ಕ್ರೈಸ್ತ ಸನ್ಯಾಸಿನಿಯರೊಡನೆ ಮಾಜಾಂಗ್ ಆಡುತ್ತ ಕುಳಿತಿರುವ ದೃಶ್ಯವಿದೆ. ದಂಗೆಯ ಸಮಯದಲ್ಲಿ ಆಕಿನೊ ಆಶ್ರಯ ಪಡೆದಿದ್ದ ಸೆಬುವಿನ ಕಾರ್ಮೆಲೈಟ್ ಮಠದವರು ಹೇಳಿಕೆಯೊಂದನ್ನು ಹೊರಡಿಸಿ, ಆ ದಿನಗಳಲ್ಲಿ ತಾವು ಮಾಡುತ್ತಿದ್ದದ್ದು ಉಪವಾಸ ಮತ್ತು ಪ್ರಾರ್ಥನೆ ಎಂದು ತಿಳಿಸಿದರು. ಚಿತ್ರಕ್ಕೆ ಒಳ್ಳೆಯ ಗಳಿಕೆಯಾಯಿತು.