ದೇಹ ದ್ರವ್ಯರಾಶಿ ಸೂಚ್ಯಂಕ

ದೇಹ ದ್ರವ್ಯರಾಶಿ ಸೂಚ್ಯಂಕ ಅಥವಾ ಬಾಡಿ ಮಾಸ್ ಇಂಡೆಕ್ಸ್ (ಸಂಕ್ಷಿಪ್ತವಾಗಿ ಬಿಎಂಐ) ಎಂಬುದು ವಯಸ್ಕರ ತೂಕವು ಅವರ ಎತ್ತರಕ್ಕೆ ತಕ್ಕಂತಿದೆಯೇ ಎಂದು ಅಂದಾಜು ಮಾಡಲು ಬಳಸುವ ಸಂಖ್ಯೆಯಾಗಿದೆ. ಕಿಲೋಗ್ರಾಂಗಳಲ್ಲಿ ಅಳೆದ ತೂಕವನ್ನು ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಇದು ದೊರೆಯುತ್ತದೆ. ತೂಕದ ಯಂತ್ರ ಮತ್ತು ಅಳತೆಪಟ್ಟಿ ಇದ್ದರೆ ಸಾಕಾಗುವುದರಿಂದ ಹಳ್ಳಿಯ ಆರೋಗ್ಯ ಕೇಂದ್ರದಿಂದ ವಿಮಾ ಕಂಪನಿಯವರೆಗೆ ಎಲ್ಲೆಡೆ ಇದು ಬಳಕೆಯಲ್ಲಿದೆ. ಆದರೆ ಇದು ದೇಹದ ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ.

ಲೆಕ್ಕ ಮಾಡುವ ಕ್ರಮ

5 ಅಡಿ 4 ಅಂಗುಲ ಎತ್ತರ ಮತ್ತು 60 ಕಿಲೋ ತೂಕವಿರುವ ವ್ಯಕ್ತಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎತ್ತರವು ಸುಮಾರು 1.626 ಮೀಟರ್, ಅದರ ವರ್ಗ 2.644. 60ನ್ನು 2.644ರಿಂದ ಭಾಗಿಸಿದರೆ 22.7 ಬರುತ್ತದೆ. ಎತ್ತರವನ್ನು ಸೆಂಟಿಮೀಟರಿನಲ್ಲಿಯೇ ಉಳಿಸಿಕೊಳ್ಳುವುದು ಹಾಗೂ ವರ್ಗ ಮಾಡಲು ಮರೆಯುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳು.

ಇತಿಹಾಸ

ಈ ಸೂತ್ರದ ಮೂಲವು ವೈದ್ಯಶಾಸ್ತ್ರದಲ್ಲಿಲ್ಲ. ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಹಾಗೂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ (1796–1874) 'ಸರಾಸರಿ ಮನುಷ್ಯ'ನ ಲಕ್ಷಣಗಳನ್ನು ಅರಸುತ್ತಿದ್ದಾಗ, ವಯಸ್ಕರ ತೂಕವು ಸರಿಸುಮಾರು ಎತ್ತರದ ವರ್ಗಕ್ಕೆ ಅನುಗುಣವಾಗಿರುವುದನ್ನು ಕಂಡನು. ಬೊಜ್ಜಿನ ವಿಚಾರ ಆತನ ಗಮನದಲ್ಲಿ ಇರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಹೋದ್ಯೋಗಿಗಳು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಪುರುಷರ ಅಳತೆಗಳನ್ನು ಪರಿಶೀಲಿಸಿ, ಈ ಸೂತ್ರಕ್ಕೆ ಈಗಿನ ಹೆಸರನ್ನು ಕೊಟ್ಟರು. ಆ ಪಟ್ಟಿಯಲ್ಲಿ ಮಹಿಳೆಯರೇ ಇರಲಿಲ್ಲ ಎಂಬುದು ಗಮನಾರ್ಹ.

ವರ್ಗೀಕರಣ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕ, 18.5ರಿಂದ 24.9ರವರೆಗೆ ಸಾಮಾನ್ಯ, 25ರಿಂದ 29.9ರವರೆಗೆ ಅಧಿಕ ತೂಕ, 30 ಹಾಗೂ ಅದಕ್ಕಿಂತ ಹೆಚ್ಚಾದರೆ ಬೊಜ್ಜು. ಏಷ್ಯಾದ ಜನರಲ್ಲಿ ಇದಕ್ಕಿಂತ ಕೆಳಗಿನ ಮಟ್ಟದಲ್ಲಿಯೇ ಅಪಾಯ ಆರಂಭವಾಗುವುದರಿಂದ, ಅದೇ ಸಂಸ್ಥೆಯ ತಜ್ಞರ ಸಮಿತಿಯು 2004ರಲ್ಲಿ 23 ಮತ್ತು 27.5ನ್ನು ಎಚ್ಚರಿಕೆಯ ಹೆಚ್ಚುವರಿ ಗುರುತುಗಳೆಂದು ಸೂಚಿಸಿತು. ಭಾರತದ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆಯಲ್ಲಿ 23ರಿಂದ 24.9ರವರೆಗೆ ಅಧಿಕ ತೂಕವೆಂದೂ 25ರಿಂದ ಮೇಲಕ್ಕೆ ಬೊಜ್ಜೆಂದೂ ನಿಗದಿಪಡಿಸಿದರು. ಮೇಲಿನ ಉದಾಹರಣೆಯ ವ್ಯಕ್ತಿಯ ತೂಕ 64 ಕಿಲೋ ಆದರೆ ಸೂಚ್ಯಂಕ 24.2 ಆಗುತ್ತದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಸಾಮಾನ್ಯ, ಭಾರತೀಯ ಪಟ್ಟಿಯಲ್ಲಿ ಅಧಿಕ ತೂಕ. ಮೊಬೈಲಿನಲ್ಲಿ ಸಿಗುವ ಲೆಕ್ಕಾಚಾರದ ಸಾಧನಗಳು ಯಾವ ಪಟ್ಟಿಯನ್ನು ಅನುಸರಿಸುತ್ತವೆ ಎಂಬುದನ್ನು ನೋಡಿಕೊಳ್ಳದಿದ್ದರೆ ಸುಳ್ಳು ಸಮಾಧಾನ ದೊರೆಯುವ ಸಂಭವವಿದೆ.

ಮಕ್ಕಳಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ. ಅವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಗಳಿವೆ. ಗರ್ಭಿಣಿಯರಿಗೂ ಅನ್ವಯಿಸುವುದಿಲ್ಲ.

ಆರೋಗ್ಯದ ಅಪಾಯಗಳು

ಸೂಚ್ಯಂಕ ಏರಿದಂತೆ ಎರಡನೆಯ ಬಗೆಯ ಮಧುಮೇಹ, ರಕ್ತದೊತ್ತಡ, ಹೃದಯಾಘಾತ, ಪಾರ್ಶ್ವವಾಯು, ಯಕೃತ್ತಿನಲ್ಲಿ ಕೊಬ್ಬು ಸೇರುವಿಕೆ, ಮಂಡಿಯ ಸಂಧಿವಾತ, ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಹಾಗೂ ಕರುಳು, ಗರ್ಭಕೋಶ ಮೊದಲಾದ ಅಂಗಗಳ ಕೆಲವು ಕ್ಯಾನ್ಸರುಗಳ ಸಂಭವ ಹೆಚ್ಚುತ್ತದೆ. ಕಡಿಮೆ ಸೂಚ್ಯಂಕವೂ ನಿರುಪದ್ರವಿಯಲ್ಲ. ಅಪೌಷ್ಟಿಕತೆ, ಕ್ಷಯರೋಗ, ಮೂಳೆಸವೆತ ಹಾಗೂ ತಾಯಂದಿರಲ್ಲಿ ಕಡಿಮೆ ತೂಕದ ಶಿಶುಜನನ ಅದರೊಂದಿಗೆ ತಳುಕು ಹಾಕಿಕೊಂಡಿವೆ. ಭಾರತವು ಎರಡೂ ಭಾರಗಳನ್ನು ಒಟ್ಟಿಗೆ ಹೊತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 18.7ರಷ್ಟು ಮಂದಿ 18.5ಕ್ಕಿಂತ ಕೆಳಗಿದ್ದರೆ, ಶೇ. 24ರಷ್ಟು ಮಂದಿ 25 ಅಥವಾ ಅದಕ್ಕಿಂತ ಮೇಲಿದ್ದರು. ಕರ್ನಾಟಕದಲ್ಲಿ ಎರಡನೆಯ ಗುಂಪಿನ ಪ್ರಮಾಣ ಸುಮಾರು ಶೇ. 30.

ಮಿತಿಗಳು

ಸ್ನಾಯು ಮತ್ತು ಕೊಬ್ಬಿನ ನಡುವಿನ ಭೇದ ಈ ಸಂಖ್ಯೆಗೆ ತಿಳಿಯದು. ಗರಡಿಯ ಪೈಲ್ವಾನನೂ ಕುಳಿತೇ ಕೆಲಸ ಮಾಡುವ ಗುಮಾಸ್ತನೂ ಒಂದೇ ಸೂಚ್ಯಂಕ ಹೊಂದಿರಬಹುದು. ಇದಕ್ಕೆ ಪ್ರಸಿದ್ಧ ನಿದರ್ಶನವು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮದೇ ಚಿತ್ರವನ್ನು ಅದರಲ್ಲಿ ಕೊಟ್ಟರು. ಇಬ್ಬರ ಸೂಚ್ಯಂಕವೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ದಕ್ಷಿಣ ಏಷ್ಯಾದವರಲ್ಲಿ ಹೊಟ್ಟೆಯ ಒಳಭಾಗದಲ್ಲಿ ಕೊಬ್ಬು ಸಂಗ್ರಹವಾಗುವ ಪ್ರವೃತ್ತಿ ಹೆಚ್ಚು. ಅದು ಇನ್ಸುಲಿನ್ನಿನ ಕಾರ್ಯಕ್ಕೆ ತೊಡಕಾಗುತ್ತದೆ. ಆದ್ದರಿಂದ 'ಸಣಕಲು' ಎನಿಸಿಕೊಂಡವರಿಗೂ ಸಕ್ಕರೆ ಕಾಯಿಲೆ ಬರುವುದು ಇಲ್ಲಿ ಅಪರೂಪವಲ್ಲ.

ಇದರ ಬೇರು ಹುಟ್ಟಿಗೂ ಮೊದಲೇ ಇರಬಹುದೆಂಬ ವಾದಕ್ಕೆ ಮೈಸೂರಿನ ದಾಖಲೆಗಳು ಬೆಂಬಲ ಒದಗಿಸಿವೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ಜನನತೂಕವನ್ನು ಬರೆದಿಡಲಾಗಿತ್ತು. ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಪತ್ತೆಹಚ್ಚಿ ಪರೀಕ್ಷಿಸಿದಾಗ, ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚಾಗಿ ಕಂಡುಬಂದಿತು.

ಈ ಕಾರಣಗಳಿಂದ ಸೊಂಟದ ಸುತ್ತಳತೆಯನ್ನೂ ಜೊತೆಯಲ್ಲಿ ಅಳೆಯುವುದು ರೂಢಿಗೆ ಬಂದಿದೆ. ದಕ್ಷಿಣ ಏಷ್ಯಾದ ಪುರುಷರಿಗೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ಮೇಲಿನ ಮಿತಿ. 2025ರಲ್ಲಿ ವರದಿ ನೀಡಿದ ಲ್ಯಾನ್ಸೆಟ್ ಆಯೋಗವು, ಬಿಎಂಐ ಒಂದನ್ನೇ ಆಧರಿಸಿ ಯಾರನ್ನೂ ರೋಗಿಯೆಂದು ನಿರ್ಧರಿಸಬಾರದೆಂದೂ, ಕೊಬ್ಬಿನಿಂದ ಅಂಗಗಳ ಕಾರ್ಯಕ್ಕೆ ಧಕ್ಕೆಯಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕೆಂದೂ ಶಿಫಾರಸು ಮಾಡಿದೆ.