ಮೂಡಲ ಬಾಗಿಲಿನ ತಾಯಂದಿರು

ಗರುಡಾಚಾರ್‌ಪಾಳ್ಯದ ನಮ್ಮ ಮನೆಗೆ ಹಳೆ ಮದರಾಸು ರಸ್ತೆ ಬಹಳ ದೂರವಲ್ಲ. ಹಿಂದೆ ಈ ಕಡೆಯ ಹಳ್ಳಿಗಳವರು ತಿರುಪತಿಗೆ ಹೋಗುತ್ತಿದ್ದುದು ಆ ದಾರಿಯಲ್ಲೇ. ನಡುವೆ ಮುಳಬಾಗಿಲಿನ ಆಂಜನೇಯನಿಗೆ ಕೈಮುಗಿಯದೆ ಮುಂದೆ ಹೋದರೆ ಯಾತ್ರೆ ಪೂರ್ಣವಾಗದು ಎಂದು ಹಿರಿಯರ ನಂಬಿಕೆ. ನಮ್ಮತ್ತೆಯ ಆಸೆ ಮಾತ್ರ ತಿರುಪತಿಯದಲ್ಲ. “ಕಾಲು ನಡೆಯೋವಾಗಲೇ ಇನ್ನೊಂದು ಸಲ ಆವನಿ ಬೆಟ್ಟ ನೋಡಬೇಕಮ್ಮ” ಎಂದು ವರ್ಷದಿಂದ ಹೇಳುತ್ತಿದ್ದರು.

2023ರ ಮಾರ್ಚಿನಲ್ಲಿ ನಮ್ಮೂರಿಗೆ ಮೆಟ್ರೊ ಬಂದ ಮೇಲೆ ಕೃಷ್ಣರಾಜಪುರ ಎರಡನೆಯ ನಿಲ್ದಾಣವಾಗಿದೆ. ಒಂದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಅಲ್ಲಿ ಇಳಿದು, ಮುಳಬಾಗಿಲಿನ ಬಸ್ಸು ಹತ್ತಿದೆವು. ಹೊಸಕೋಟೆ, ನರಸಾಪುರ, ಕೋಲಾರ ದಾಟಿದ ಮೇಲೆ ಬಂಡೆಗುಡ್ಡಗಳ ಸೀಮೆ.

ಕನ್ನಡ ನಾಡಿಗೆ ಮೂಡಣ ದಿಕ್ಕಿನ ಬಾಗಿಲು, ಅದೇ ಮುಳಬಾಗಿಲು ಎನ್ನುತ್ತಾರೆ. ಇಲ್ಲಿಯ ಆಂಜನೇಯನನ್ನು ಭಾರತ ಯುದ್ಧದ ನಂತರ ಅರ್ಜುನನೇ ಪ್ರತಿಷ್ಠಾಪಿಸಿದನೆಂದು ಸ್ಥಳಪುರಾಣ. ಊರಿಗೆ ಮೊದಲೇ ಸಿಗುವ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ವ್ಯಾಸರಾಯರಿಗೆ ಪಾಠ ಹೇಳಿದ ಈ ಹದಿನೈದನೆಯ ಶತಮಾನದ ಯತಿಗಳು ‘ರಂಗವಿಠಲ’ ಅಂಕಿತದಲ್ಲಿ ಕನ್ನಡ ಹಾಡುಗಳನ್ನು ಕಟ್ಟಿದರು. ಸಂಸ್ಕೃತ ಶಾಸ್ತ್ರದ ಬಾಗಿಲು ಹೆಂಗಸರಿಗೆ ಮುಚ್ಚಿದ್ದ ಕಾಲದಲ್ಲಿ ಇಂಥ ಹಾಡುಗಳು ಅಡುಗೆಮನೆಯವರೆಗೂ ಬಂದವು. ಅಕ್ಷರ ಕಲಿಯದ ನಮ್ಮತ್ತೆಗೂ ನಾಲ್ಕಾರು ದೇವರನಾಮ ಬಾಯಿಪಾಠ.

ಆದರೆ ಇದೇ ಊರಿನ ನಂಟಿರುವ ಒಬ್ಬ ಹೆಣ್ಣುಮಗಳು ಸಂಸ್ಕೃತದಲ್ಲೇ ಮಹಾಕಾವ್ಯ ಬರೆದಳು. ವಿಜಯನಗರದ ಬುಕ್ಕರಾಯನ ಮಗ ಕಂಪಣ ಮುಳುವಾಯಿ ರಾಜ್ಯವನ್ನು, ಅಂದರೆ ಈ ಸೀಮೆಯನ್ನು, ಆಳುತ್ತಿದ್ದ. ಅವನ ರಾಣಿ ಗಂಗಾದೇವಿ. ಗಂಡ ಮಧುರೆಯನ್ನು ಗೆದ್ದ ಕಥೆಯನ್ನು ಅವಳು ‘ಮಧುರಾವಿಜಯ’ವೆಂದು ಹಾಡಿದಳು. ಅದರಲ್ಲಿ ಬರುವ ‘ಕಂಟಕಾನನ’, ಎಂದರೆ ಮುಳ್ಳಿನ ಕಾಡು, ಮುಳಬಾಗಿಲೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಹುಕಾಲ ಮರೆಯಾಗಿದ್ದ ಆ ಕಾವ್ಯದ ತಾಳೆಗರಿ ಪ್ರತಿ 1916ರಲ್ಲಿ ತಿರುವನಂತಪುರದಲ್ಲಿ, ಸಂಬಂಧವೇ ಇಲ್ಲದ ಎರಡು ಗ್ರಂಥಗಳ ನಡುವೆ ಸಿಕ್ಕಿತು. ಯಾರದೋ ಕಟ್ಟಿನೊಳಗೆ ಸೇರಿಹೋಗುವುದು ಹೆಣ್ಣಿನ ಬರಹಕ್ಕೆ ಹೊಸತೇನೂ ಅಲ್ಲ.

ಆಟೋ ಮಾಡಿಕೊಂಡು ಕುರುಡುಮಲೆಗೆ ಹೋಗಿ, ಹದಿಮೂರು ಅಡಿಗೂ ಎತ್ತರದ ಏಕಶಿಲಾ ಗಣಪತಿಗೆ ಗರಿಕೆ ಕೊಟ್ಟೆವು. ಪಕ್ಕದ ಸೋಮೇಶ್ವರ ಗುಡಿಯಲ್ಲಿ ಅರ್ಧವನ್ನು ಜಕಣಾಚಾರಿಯೂ ಇನ್ನರ್ಧವನ್ನು ಅವನ ಮಗನೂ ಕಡೆದರೆಂದು ಊರವರು ತೋರಿಸುತ್ತಾರೆ. ತಂದೆಮಕ್ಕಳ ಕಥೆ ಕೇಳಿದ ಅತ್ತೆ, “ಇಲ್ಲೂ ಅವರ ತಾಯಿ ಹೆಸರು ಯಾರೂ ಹೇಳಲ್ಲ ನೋಡು” ಎಂದರು.

ಮಧ್ಯಾಹ್ನಕ್ಕೆ ಆವನಿ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ತುಂಬು ಬಸುರಿ ಸೀತೆ ಇಲ್ಲಿಗೆ ಬಂದಳು, ಲವಕುಶರು ಹುಟ್ಟಿದ್ದು ಈ ಬೆಟ್ಟದಲ್ಲೇ ಎಂದು ನಂಬಿಕೆ. ಕೆಳಗೆ ಒಂದೇ ಪ್ರಾಕಾರದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು. ಮೇಲೆ, ಬೆಟ್ಟದಲ್ಲಿ, ಸೀತಾಪಾರ್ವತಿಯ ಗುಡಿ. ಗಂಡನ ಮನೆಯವರೆಲ್ಲ ತಪ್ಪಲಿನಲ್ಲಿ, ಅವಳೊಬ್ಬಳು ಮೇಲೆ!

ಇದು ಪುರಾಣವಾಯಿತು. ಕಲ್ಲು ಹೇಳುವ ಚರಿತ್ರೆ ಬೇರೆ. ಹತ್ತನೆಯ ಶತಮಾನದಲ್ಲಿ ಇದು ನೊಳಂಬರ ನಾಡು. ಕ್ರಿ.ಶ. 961ರ ಶಾಸನವೊಂದು ತ್ರಿಭುವನಕರ್ತ ಎಂಬ ತಪಸ್ವಿಯನ್ನು ನೆನೆಯುತ್ತದೆ. ಅವರು ಆವನಿಯ ಸ್ಥಾನವನ್ನು 40 ವರ್ಷ ಆಳಿ, 50 ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದರಂತೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ದೇವರಿಗೆ ಗುಡಿಯಷ್ಟೇ ಸಾಲದು, ಜನಕ್ಕೆ ನೀರೂ ಬೇಕೆಂದು ಆ ಸನ್ಯಾಸಿ ಬಲ್ಲವರು. ಅದೇ ಕಾಲದ ರಾಜಮಾತೆ ದೀವಬ್ಬರಸಿ, ಕದಂಬರ ಮನೆಯ ಮಗಳು, ನೊಳಂಬರ ಸೊಸೆ. ಇಲ್ಲಿ ಶಿವಾಲಯ ಕಟ್ಟಿಸಿದವಳೆಂದು ಅವಳ ಹೆಸರೂ ಶಾಸನದಲ್ಲಿದೆ. ಸೀತೆಯನ್ನು ಬೇಡಲು ಬೆಟ್ಟ ಹತ್ತುವವರಲ್ಲಿ ದೀವಬ್ಬರಸಿಯ ಹೆಸರು ಕೇಳಿದವರು ಎಷ್ಟು ಮಂದಿ?

ಮಕ್ಕಳ ಫಲ ಬೇಡಿ ಇಂದಿಗೂ ಹೆಂಗಸರು ಈ ಬೆಟ್ಟ ಹತ್ತುತ್ತಾರೆ. ಮದುವೆಯಾದ ಒಂಬತ್ತು ವರ್ಷ ಅತ್ತೆಗೆ ಮಕ್ಕಳಿರಲಿಲ್ಲ. ಶುಭಕಾರ್ಯಗಳಲ್ಲಿ ಅವರನ್ನು ಹಿಂದೆ ನಿಲ್ಲಿಸುತ್ತಿದ್ದರಂತೆ. ಮನೆಯಲ್ಲಿ ಎರಡನೆಯ ಮದುವೆಯ ಮಾತೂ ಎದ್ದಿತ್ತಂತೆ. ಮೂರು ಸಲ ಇಲ್ಲಿಗೆ ಬಂದು ಹರಕೆ ಹೊತ್ತರು. ಕಡೆಗೆ ಹುಟ್ಟಿದವರು ನನ್ನ ಯಜಮಾನರು. ಇದನ್ನು ಅವರು ನನಗೆ ಹೇಳಿದ್ದು ಅಂದೇ, ಅರ್ಧ ಬೆಟ್ಟ ಹತ್ತಿ ಬಂಡೆಯ ನೆರಳಿನಲ್ಲಿ ಕೂತಾಗ.

“ಈ ಸಲ ಏನು ಕೇಳ್ಕೋತೀರಿ ಅತ್ತೆ?” ಎಂದೆ.

“ಕೇಳೋಕೆ ಬಂದಿಲ್ಲಮ್ಮ. ನಾನು ಬಸುರಾಗಲಿಲ್ಲ ಅಂತ ನನ್ನ ಮನೆಯಿಂದ ಕಳಿಸೋ ಮಾತಾಡಿದರು. ಆ ತಾಯಿ ಬಸುರಾಗಿದ್ದರೂ ಕಳಿಸಿದರು. ಅವಳನ್ನ ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ.”

ಮುಂದಿನ ಮೆಟ್ಟಿಲುಗಳನ್ನು ಹತ್ತಲು ಅವರ ಮಂಡಿ ಒಪ್ಪಲಿಲ್ಲ. ಕುಂಕುಮದ ಪೊಟ್ಟಣವನ್ನು ನನ್ನ ಕೈಗಿಟ್ಟರು. ನಾನೊಬ್ಬಳೇ ಮೇಲೆ ಹೋಗಿ ಸೀತಮ್ಮನಿಗೆ ಒಪ್ಪಿಸಿದೆ. ಇಳಿಯುವಾಗ ಒಂದು ಚಿಟಿಕೆ ಮಿಕ್ಕಿತ್ತು. ಕೆಳಗಿನ ಗುಡಿಯ ಹೊಸಿಲಿನ ಬಳಿ ಬಗ್ಗಿ, ದೀವಬ್ಬರಸಿಯ ಹೆಸರು ಹೇಳಿ ಅಲ್ಲಿಟ್ಟೆ.

“ಅದು ಯಾರಿಗೆ?” ಅತ್ತೆ ಕೇಳಿದರು.

ಬಸ್ಸು ಬರುವತನಕ ಅವರಿಗೆ ಆ ಸೊಸೆಯ ಕಥೆ ಹೇಳಿದೆ.