ಕೈಚಕ್ರದಿಂದ ಕಾಗದದ ಪಟ್ಟಿಗೆ

ಹೈದರಾಬಾದಿನ ಕಾಚಿಗೂಡ ರೈಲು ನಿಲ್ದಾಣವನ್ನು ಕಟ್ಟಿದ್ದು 1916ರಲ್ಲಿ. ಅದರ ಗುಮ್ಮಟಗಳಿಗೆ ಎಲ್ಲರೂ ಕ್ಯಾಮೆರಾ ಹಿಡಿಯುತ್ತಾರೆ. ನಿಜಾಮರ ರೈಲ್ವೆಗಾಗಿ 1893ರಲ್ಲೇ ಶುರುವಾದ ಲಾಲಾಗುಡಾ ವರ್ಕ್‌ಶಾಪಿನತ್ತ ಮಾತ್ರ ಯಾರೂ ಸುಳಿಯುವುದಿಲ್ಲ. ಈ ಊರಿಗೆ ಲೇತಿನ ನಂಟು ಹಿಡಿಸಿದ್ದು ಅಂಥ ಕಾರ್ಖಾನೆಗಳೇ.

1943ರಲ್ಲಿ, ಮಹಾಯುದ್ಧದ ನಡುವೆ, ಪಕ್ಕದ ಸಿಕಂದರಾಬಾದಿನಲ್ಲಿ ಯಂತ್ರೋಪಕರಣ ಕಂಪನಿ ಪ್ರಾಗಾ ಟೂಲ್ಸ್ ಆರಂಭವಾಯಿತು. ಆಗ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. 1956ರವರೆಗೂ ಹಾಗೇ ಇತ್ತು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಆ ಕನ್ನಡ ನಂಟಿನ ಗುರುತುಗಳು.

ಆ ಕಾಲದ ಲೇತು ಕೆಲಸಗಾರ, ಅಂದರೆ ಟರ್ನರ್, ಕೈಚಕ್ರ ತಿರುಗಿಸುತ್ತ, ಡಯಲ್ ಮೇಲೆ ಕಣ್ಣಿಟ್ಟು, ಲೋಹ ಕೊರೆಯುವ ಸದ್ದಿಗೆ ಕಿವಿಗೊಟ್ಟು ಕೆಲಸ ಮಾಡುತ್ತಿದ್ದ. 1952ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯವರು ರಂಧ್ರ ಹೊಡೆದ ಕಾಗದದ ಪಟ್ಟಿಯಿಂದಲೇ ಮಿಲ್ಲಿಂಗ್ ಯಂತ್ರ ನಡೆಸಿ ತೋರಿಸಿದರು. ಅಲ್ಲಿಂದ ಹೊಸ ಕಸುಬೊಂದು ಹುಟ್ಟಿತು. ಡ್ರಾಯಿಂಗ್ ಓದಿ, ಉಳಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಅಂಕಿಗಳಲ್ಲಿ ಬರೆದು, ಪಟ್ಟಿಗೆ ಪಂಚ್ ಮಾಡಿಕೊಡುವ ಪ್ರೋಗ್ರಾಮರ್ ಬಂದ.

ನಮ್ಮಲ್ಲಿ ಈ ಕಸುಬಿಗೆ ನೆಲ ಹದಮಾಡಿದ್ದು ಬೆಂಗಳೂರು ಮತ್ತು ಹೈದರಾಬಾದ್. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ, 1962ರಲ್ಲಿ ಯಂತ್ರೋಪಕರಣ ಸಂಶೋಧನೆಯ ಸಿಎಂಟಿಐ ಬಂದವು. ಎಚ್‌ಎಂಟಿಯ ಘಟಕವೊಂದು ಹೈದರಾಬಾದಿಗೂ ಬಂತು; 1968ರಲ್ಲಿ ಬಾಲಾನಗರದಲ್ಲಿ ಟೂಲ್ ಡಿಸೈನ್ ಸಂಸ್ಥೆ ತೆರೆಯಿತು. ಪ್ರಾಗಾ ಕೂಡ 1988ರಲ್ಲಿ ಎಚ್‌ಎಂಟಿಯ ಮಡಿಲಿಗೆ ಸೇರಿತು.

ಪಟ್ಟಿ ಹೋಗಿ ಕೀಬೋರ್ಡ್ ಬಂದರೂ ಬರೆದದ್ದು ತಪ್ಪಿದರೆ ಅಪಾಯ ಅಷ್ಟೇ ಇದೆ. ಪ್ರೋಗ್ರಾಮಿನಲ್ಲಿ ಜಿ00 ಎಂದರೆ ಉಳಿ ಗಾಳಿಯಲ್ಲಿ ಪೂರ್ಣ ವೇಗದಲ್ಲಿ ಸಾಗಬೇಕು. ಜಿ01 ಎಂದರೆ ಹೇಳಿದ ವೇಗದಲ್ಲಿ ಲೋಹ ಕೊರೆಯುತ್ತ ನೇರ ಹೋಗಬೇಕು. ಎರಡನೆಯದರ ಜಾಗದಲ್ಲಿ ಮೊದಲನೆಯದು ಬಿದ್ದರೆ ಉಳಿ ಜಾಬಿಗೇ, ಅಂದರೆ ಕೊರೆಯಬೇಕಾದ ಲೋಹದ ತುಂಡಿಗೇ, ನುಗ್ಗುತ್ತದೆ. ಇನ್ನು ದಶಮಾಂಶದ ಚುಕ್ಕಿ! ಹಲವು ಕಂಟ್ರೋಲ್‌ಗಳಲ್ಲಿ ಎಕ್ಸ್100 ಎಂದು ಚುಕ್ಕಿಯಿಲ್ಲದೆ ಬರೆದರೆ ಯಂತ್ರ ಅದನ್ನು ನೂರು ಮಿಲಿಮೀಟರ್ ಎಂದು ಓದುವುದಿಲ್ಲ, ನೂರು ಮೈಕ್ರಾನ್ ಎಂದು ಓದುತ್ತದೆ. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ.

ಆದ್ದರಿಂದ ಪ್ರೋಗ್ರಾಮರನನ್ನು ಕಂಪ್ಯೂಟರ್ ಗುಮಾಸ್ತನೆಂದು ಎಣಿಸುವುದು ತಪ್ಪು. ಯಾವ ಲೋಹಕ್ಕೆ ಎಷ್ಟು ವೇಗ, ಎಷ್ಟು ಆಳ, ತೆಳು ಜಾಬನ್ನು ಚಕ್ ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು ಲೇತಿನ ಮುಂದೆ ನಿಂತವನಿಗೇ ಗೊತ್ತು. ಮೆಷಿನ್ ಶಾಪಿನಲ್ಲಿ ಕೈ ಮಸಿ ಮಾಡಿಕೊಳ್ಳದವನ ಪ್ರೋಗ್ರಾಂ ಪರದೆಯ ಮೇಲೆ ಚೆನ್ನಾಗಿ ಓಡುತ್ತದೆ, ಯಂತ್ರದ ಮೇಲೆ ಅಲ್ಲ.

ಈ ಕಸುಬಿಗೆ ನೆಲ ಹದಮಾಡಿದ ಆ ಎರಡು ಊರುಗಳ ನಡುವೆ, ಕಾಚಿಗೂಡದಿಂದ ಯಶವಂತಪುರಕ್ಕೆ, 2023ರ ಸೆಪ್ಟೆಂಬರ್ 24ರಿಂದ ವಂದೇ ಭಾರತ್ ಓಡುತ್ತಿದೆ. ಬೆಂಗಳೂರಿನ ಸಿಎಂಟಿಐ ಇರುವುದು ಯಶವಂತಪುರದ ಸಮೀಪ, ತುಮಕೂರು ರಸ್ತೆಯಲ್ಲಿ.